ಜ್ವರ ಇಲ್ಲ, ಉಷ್ಣ ಮಾತ್ರ

ಆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ಶರಬತ್ತಿಗೆ ಪುನರ್ಪುಳಿ ಹಿಂಡುತ್ತಿದ್ದೆ. ಕೈಯನ್ನು ಶಾಲಿಗೆ ಒರೆಸಿಕೊಂಡು ಫೋನೆತ್ತಿದೆ. ಆಸ್ಪತ್ರೆಯ ಸಿಸ್ಟರ್ ಎಂದಿನ ಹಾಗೆ ಮೊದಲನೆಯ ಪ್ರಶ್ನೆ ಕೇಳಿದರು. ಚೇಚಿಗೆ ಜ್ವರ ಉಂಟಾ ಟೀಚರ್? ನಾನು ಬಾಗಿಲಿನಿಂದ ಚಾವಡಿಯ ಕಡೆ ನೋಡಿದೆ. ಅತ್ತಿಗೆ ಚಾಪೆಯೂ ಇಲ್ಲದೆ ಕೆಂಪು ನೆಲದ ಮೇಲೆ ಕೆನ್ನೆಯೊತ್ತಿ ಮಲಗಿದ್ದರು. ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಹೊಟ್ಟೆಯ ಮೇಲೆ ಹಾಕಿಕೊಂಡಿದ್ದರು. ಕೀಮೋದ ಮೂರನೆಯ ಡೋಸ್ ಆಗಿ ಅಂದಿಗೆ ಒಂಬತ್ತು ದಿನ.

"ಜ್ವರ ಇಲ್ಲ" ಎಂದೆ.

ದಿನಕ್ಕೆ ಎಷ್ಟು ಸಲ ಆ ಬಾಗಿಲಿಗೆ ಹೋಗಿ ನಿಲ್ಲುತ್ತೇನೋ ಲೆಕ್ಕವಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಅನ್ನದ ಗಂಜಿ ಬಾಗಿಸುವಾಗ ಅದೇ ಹತ್ತು ಗಂಟೆ ಮತ್ತೆ ಬರುತ್ತದೆ. ನಾನು ಬೇರೆ ಉತ್ತರ ಕೊಟ್ಟು ನೋಡುತ್ತೇನೆ. ತಡೆಯಿರಿ ಸಿಸ್ಟರ್, ಒಮ್ಮೆ ಅಳೆದು ಹೇಳುತ್ತೇನೆ ಅನ್ನುತ್ತೇನೆ. ಥರ್ಮಾಮೀಟರ್ ಗೋದ್ರೆಜ್ ಕಪಾಟಿನ ಮೇಲೆ ಡಬ್ಬಿಯಲ್ಲೇ ಇತ್ತು, ಎಂಟು ಹೆಜ್ಜೆ ದೂರ. ಅಳೆಯಲಿಕ್ಕೆ ಒಂದು ನಿಮಿಷ ಸಾಕಿತ್ತು. ನಾನು ಅಳೆಯಲಿಲ್ಲ. ಸಿಸ್ಟರ್ ಉಳಿದ ಪ್ರಶ್ನೆಗಳನ್ನು ಕೇಳಿದರು, ನಾನು ಉಳಿದ ಉತ್ತರಗಳನ್ನು ಕೊಟ್ಟೆ, ಮತ್ತೆ ಹೋಗಿ ಪುನರ್ಪುಳಿಗೆ ಬೆಲ್ಲ ಹಾಕಿದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಶಾರ್ಜಾದಲ್ಲಿದ್ದಾನೆ, ವರ್ಷಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ನಾವಿಬ್ಬರೇ. ಅತ್ತಿಗೆಗೆ ಕಾಸರಗೋಡಿನ ಮುಳ್ಳೇರಿಯ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ. ರವಿಕೆಗೆ ಸುತ್ತಿನ ನಾಲ್ಕು ಊರುಗಳಿಂದ ಹೆಂಗಸರು ಅವರ ಹತ್ತಿರವೇ ಬರುತ್ತಿದ್ದರು. ನಾನು ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಎಂ.ಎ. ಬಗ್ಗೆ ಅತ್ತಿಗೆಗೆ ನನಗಿಂತ ಹೆಚ್ಚು ಹೆಮ್ಮೆ. ಅಂಗಡಿಗೆ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರು, ನಮ್ಮ ಟೀಚರಿಗೆ ಎಂತ ಬೇಕಾದರೂ ಬರೆಯಲಿಕ್ಕೆ ಬರ್ತದೆ, ಹುಕ್ಸ್ ಹಾಕಲಿಕ್ಕೆ ಮಾತ್ರ ಬರುವುದಿಲ್ಲ ಎಂದು.

ಎದೆಯ ಗಂಟು ಗೊತ್ತಾದ ಮೇಲೆ, ಕೇರಳದ ಆರೋಗ್ಯ ಕಾರ್ಡು ನಡೆಯುವ ಆಸ್ಪತ್ರೆ ಬೇಕೆಂದು, ಕಾಸರಗೋಡಿನಿಂದ ರೈಲು ಹತ್ತಿ ತೆಂಕಕ್ಕೆ ಹೋದೆವು. ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಡೋಸ್ ಎಂದರು. ಮೊದಲನೆಯದು ಮುಗಿದು ಎರಡನೆಯದಕ್ಕೆ ಹೋದ ದಿನ ಒಬ್ಬ ಡಾಕ್ಟರ್ ಮೇಡಂ ಬಂದು ಹಾಸಿಗೆಯ ಪಕ್ಕ ಸ್ಟೂಲ್ ಎಳೆದು ಕೂತರು. ತಾವು ಒಂದು ಸಂಶೋಧನೆ ಮಾಡುತ್ತಿದ್ದೇವೆ, ಸೇರುತ್ತೀರಾ ಎಂದು ಕೇಳಿದರು. ಹೊಸ ಮದ್ದನ್ನು ನನ್ನ ಮೇಲೆ ನೋಡುವುದಾ ಎಂದು ಅತ್ತಿಗೆ ಕೇಳಿದರು. ಮದ್ದೇ ಇಲ್ಲ, ಕೇಳುವುದು ಮಾತ್ರ ಎಂದರು ಮೇಡಂ. ಕೀಮೋ ಹಾಕಿಸಿಕೊಂಡು ಊರಿಗೆ ಹೋದವರಿಗೆ ಮನೆಯಲ್ಲಿ ಏನೇನು ಆಗುತ್ತದೆ ಎಂಬುದು ಆಸ್ಪತ್ರೆಗೆ ಗೊತ್ತೇ ಆಗುವುದಿಲ್ಲ. ವಾರಕ್ಕೆ ಎರಡು ಸಲ ಒಬ್ಬರು ಸಿಸ್ಟರ್ ಫೋನು ಮಾಡಿ ಕೇಳುತ್ತಾರೆ, ರೋಗಿ ಒಂದು ಕಾರ್ಡಿನಲ್ಲಿ ಗುರುತು ಹಾಕುತ್ತಾರೆ. ಹಾಗೆ ಕೇಳಿದರೆ ಜನ ಉಳಿಯುತ್ತಾರಾ, ಕಷ್ಟ ಕಡಿಮೆಯಾಗುತ್ತದಾ, ಅದೇ ಸಂಶೋಧನೆ.

"ಬರೀ ಕೇಳಲಿಕ್ಕೆ ಯಾರಾದರೂ ಹಣ ಕೊಡ್ತಾರಾ?" ಎಂದು ಅತ್ತಿಗೆ ನಕ್ಕರು.

ಮೇಡಂ ನಗಲಿಲ್ಲ. ಅದೇ ಕಷ್ಟ ಎಂದರು. ಹೊಸ ಮದ್ದು, ಹೊಸ ಯಂತ್ರ ಎಂದರೆ ಕೊಡುವವರು ಇದ್ದಾರೆ. ಇದಕ್ಕೆ ಒಂದು ಟ್ರಸ್ಟ್ ಒಪ್ಪಿದೆ, ಅದೂ ಮಾರ್ಚ್ ಕೊನೆಯವರೆಗೆ. ಮುಂದಕ್ಕೆ ಮತ್ತೆ ಅರ್ಜಿ ಹಾಕಬೇಕು.

ಸೇರುವ ಮೊದಲು ಮೇಡಂ ಒಂದು ಪ್ರಶ್ನೆ ಕೇಳಿದ್ದರು. ಈ ಚಿಕಿತ್ಸೆಯಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯ ಯಾವುದು ಎಂದು. ಬದುಕುವುದು ಎಂದು ಹೇಳುತ್ತಾರೆ ಅಂದುಕೊಂಡೆ. ಅತ್ತಿಗೆ ತಮ್ಮ ಬಲಗೈಯನ್ನು ಮುಂದೆ ಹಿಡಿದು ಬೆರಳ ತುದಿಗಳನ್ನು ತೋರಿಸಿದರು. ಮೊದಲ ಡೋಸಿನ ಮೇಲೆ ಅವು ಜೋಮು ಹಿಡಿದ ಹಾಗೆ ಇದ್ದವು. ಬಟ್ಟೆ ನಯವೋ ಒರಟೋ ತಿಳಿಯುತ್ತಿರಲಿಲ್ಲ, ಸೂಜಿ ಚುಚ್ಚಿದರೆ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಈ ಮಾತನ್ನು ಅವರು ಅದಕ್ಕೆ ಮೊದಲು ಇಬ್ಬರು ಡಾಕ್ಟರರಿಗೆ ಹೇಳಿದ್ದರು. ಬರೆದುಕೊಂಡವರು ಈ ಮೇಡಂ ಮಾತ್ರ. ಅತ್ತಿಗೆ ಆ ಕ್ಷಣವೇ ಸಹಿ ಹಾಕಿದರು.

ಸಿಸ್ಟರ್ ಮಾಡಿದ ಮೊದಲನೆಯ ಫೋನು ಬಂದದ್ದು ಮಲಯಾಳದಲ್ಲಿ. ಪನಿ ಉಂಡೋ ಚೇಚೀ ಎಂದು ಕೇಳಿದರಂತೆ. ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ, ಪನಿ ಎಂದರೆ ಜ್ವರ. ನಮ್ಮ ತುಳುವಿನಲ್ಲಿ ಪನಿ ಎಂದರೆ ಸಣ್ಣ ಮಳೆ, ತುಂತುರು. ಅತ್ತಿಗೆಗೆ ಎರಡೂ ಗೊತ್ತುಂಟು, ಅಂಗಡಿಯಲ್ಲಿ ಮಲಯಾಳದ ಗಿರಾಕಿಗಳೂ ಇದ್ದಾರೆ. ಆದರೂ ತಮಾಷೆಗೆ, ಇಲ್ಲಿ ಪನಿಯೂ ಇಲ್ಲ, ಮಳೆಯೂ ಇಲ್ಲ ಸಿಸ್ಟರೇ, ಬರೀ ಬಿಸಿಲು ಎಂದರು. ಸಿಸ್ಟರಿಗೆ ಅರ್ಥವಾಗದೆ, ಬಿಸಿಲಿಗೆ ಹೋಗಬೇಡಿ ಎಂದು ಗಂಭೀರವಾಗಿ ಬುದ್ಧಿ ಹೇಳಿದರು. ನಾನು ಫೋನು ತೆಗೆದುಕೊಂಡು ಬಿಡಿಸಿ ಹೇಳಿದ ಮೇಲೆ ಆ ಕಡೆಯಲ್ಲಿ ನಗು ತಡೆಯಲಾಗದೆ ಕೆಮ್ಮು ಬಂತು.

ಆ ನಗು ಮೇಡಂವರೆಗೆ ಹೋಯಿತು. ಕಾಸರಗೋಡಿನ ಬಡಗು ಕಡೆಯಿಂದ ಬರುವ ಎಷ್ಟೋ ರೋಗಿಗಳಿಗೆ ಮಲಯಾಳ ಓದಲು ಬಾರದು, ಕಾರ್ಡು ಕನ್ನಡದಲ್ಲಿ ಬೇಕು ಎಂದು ಅವರಿಗೆ ಅನಿಸಿತು. ಅನುವಾದಕ್ಕೆ ನನ್ನನ್ನೇ ಕೇಳಿದರು. ನನಗೆ ಆದ ಸಂತೋಷವನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಸಿಸ್ಟರ್ ಒಂದೊಂದು ಸಾಲನ್ನೂ ಫೋನಿನಲ್ಲಿ ಓದಿ, ಬರುವಷ್ಟು ಕನ್ನಡದಲ್ಲಿ ವಿವರಿಸುತ್ತಿದ್ದರು. ಒಂದು ಸಾಲಿಗೆ, "ಮೈ ಬಿಸಿ ಆಗ್ತದೆ ಅಂತ ಅನಿಸಿದರೆ ಮೀಟರ್ ಇಟ್ಟು ನೋಡಬೇಕು" ಎಂದರು. ಮೈ ಬಿಸಿ ಎಂಬುದು ನನಗೆ ಅಂಗಡಿ ಮಾತಿನ ಹಾಗೆ ಕೇಳಿಸಿತು. ಆಸ್ಪತ್ರೆಯ ಕಾರ್ಡಿನಲ್ಲಿ ಅಚ್ಚಾಗುವಂಥದ್ದು ಸ್ವಲ್ಪ ಮರ್ಯಾದೆಯಲ್ಲಿರಬೇಡವೇ? ನಾನು ಬರೆದೆ: ಜ್ವರದ ಲಕ್ಷಣಗಳು ಕಂಡುಬಂದಲ್ಲಿ ದೇಹದ ಉಷ್ಣತೆಯನ್ನು ಅಳೆಯಿರಿ. ಅದರ ಕೆಳಗೆ ಎರಡು ಚೌಕ, ಜ್ವರ ಇದೆ, ಜ್ವರ ಇಲ್ಲ. ಸಿಸ್ಟರ್ ಆಮೇಲೆ ನನ್ನ ಕಾರ್ಡನ್ನೇ ನೋಡಿ ಕನ್ನಡದಲ್ಲಿ ಕೇಳಲು ಕಲಿತರು. ಪನಿ ಹೋಗಿ ಜ್ವರ ಬಂತು.

ನಮ್ಮಲ್ಲಿ ಜ್ವರ ಎಂದರೆ ಚಳಿ ಹಿಡಿಯಬೇಕು. ಹಲ್ಲು ಕಟಕಟ ಅನ್ನಬೇಕು, ಕಂಬಳಿ ಕೇಳಬೇಕು. ಉಷ್ಣ ಬೇರೆ. ಉಷ್ಣ ಕಾಯಿಲೆಯೇ ಅಲ್ಲ. ಬಿಸಿಲಲ್ಲಿ ತಿರುಗಿದರೆ ಉಷ್ಣ, ನಿದ್ದೆಗೆಟ್ಟರೆ ಉಷ್ಣ, ಹಲಸಿನ ಹಣ್ಣು ತಿಂದರೆ ಉಷ್ಣ, ಇಂಗ್ಲಿಷ್ ಮದ್ದು ಎಲ್ಲವೂ ಉಷ್ಣ. ಕಣ್ಣು ಉರಿಯುತ್ತದೆ, ಅಂಗಾಲು ಕಾಯುತ್ತದೆ, ಬಾಯಿಯಲ್ಲಿ ಹುಣ್ಣೇಳುತ್ತದೆ. ಅದಕ್ಕೆ ಡಾಕ್ಟರ್ ಬೇಡ, ತಂಪು ಬೇಕು. ಎಳನೀರು, ಮಜ್ಜಿಗೆ, ಹೆಸರುಬೇಳೆಯ ಪಾಯಸ, ತಣ್ಣನೆಯ ನೆಲ. ಕೀಮೋ ತೆಗೆದುಕೊಂಡವರಿಗೆ ಬಾಯಿಹುಣ್ಣು ಬರುವುದು ಸಹಜ. ಹಾಗಾಗಿ ಮೂರನೆಯ ಡೋಸಿನ ಮೇಲೆ ಅತ್ತಿಗೆಯ ಮೈ ಕಾಯತೊಡಗಿದಾಗ ಯಾರಿಗೂ ಅನುಮಾನ ಬರಲಿಲ್ಲ. ಬುಧವಾರ ಅವರೇ, ಈ ಸಲದ್ದು ಭಾರೀ ಉಷ್ಣದ ಮದ್ದು ಮಾರಾಯ್ತಿ, ಎಂದರು. ನೋಡಲು ಬಂದ ಆಚೆಮನೆಯವರು, ಉಷ್ಣ ಆದರೆ ಒಳ್ಳೆಯದೇ, ಮದ್ದು ಒಳಗೆ ಹಿಡಿಯಿತು ಎಂದು ಲೆಕ್ಕ ಎಂದರು. ನನಗೂ ಅದು ಸರಿ ಅನಿಸಿತು. ಕಾರ್ಡನ್ನು ಬರೆಯುವುದು ನನ್ನ ಕೆಲಸವಾಗಿತ್ತು, ಅತ್ತಿಗೆಯ ಬೆರಳಿಗೆ ಪೆನ್ನು ನಿಲ್ಲುತ್ತಿರಲಿಲ್ಲ. ಬುಧವಾರ, ಗುರುವಾರ, ಎರಡು ದಿನವೂ ಕೇಳಿದೆ. ಎರಡು ದಿನವೂ ಅತ್ತಿಗೆ ಒಂದೇ ಮಾತು ಹೇಳಿದರು.

"ಜ್ವರ ಎಂತದೂ ಇಲ್ಲ. ಉಷ್ಣ ಮಾತ್ರ."

ಎರಡು ದಿನವೂ ನಾನು ಜ್ವರ ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿದೆ. ಅದರ ಮೇಲಿನ ಸಾಲಿನಲ್ಲೇ ದೇಹದ ಉಷ್ಣತೆ ಎಂದು ನಾನೇ ಬರೆದ ಶಬ್ದವಿತ್ತು. ಕಿವಿಗೆ ಬಿದ್ದ ಶಬ್ದ, ಕಣ್ಣಿನ ಕೆಳಗಿದ್ದ ಶಬ್ದ. ಎರಡನ್ನೂ ನಾನು ಒಂದಕ್ಕೊಂದು ತಾಗಿಸಲಿಲ್ಲ. ಶುಕ್ರವಾರ ಬೆಳಿಗ್ಗೆ ಫೋನು ಬಂದಾಗ ಕೇಳುವ ಅಗತ್ಯವೂ ಕಾಣಲಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅತ್ತಿಗೆ ಎದ್ದು ಕೂತರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವರು ನನ್ನ ಹತ್ತಿರ ತೆವಳಿಕೊಂಡು ಬಂದು ನನ್ನ ತೋಳು ಹಿಡಿದರು. ತೋಳು ಉದ್ದ ಇಡಬೇಕಾ, ಮೊಣಕೈಯ ಮೇಲೆಯೇ ಸಾಕಾ ಎಂದು ಕೇಳಿದರು. ನಗುತ್ತಿದ್ದರು. ನಾನೂ ನಕ್ಕೆ. ಆಮೇಲೆ, ಅಳತೆ ರವಿಕೆ ತಂದಿದ್ದೀರಾ ಎಂದು ಕೇಳಿದರು. ಅತ್ತಿಗೆ ನನ್ನನ್ನು ಯಾವತ್ತೂ ನೀವು ಎಂದವರಲ್ಲ. ಆಗ ಅವರ ಕೈಯ ಬಿಸಿ ನನಗೆ ತಿಳಿಯಿತು. ಅಷ್ಟು ಹೊತ್ತೂ ಆ ಕೈ ನನ್ನ ತೋಳಿನ ಮೇಲೆಯೇ ಇತ್ತು.

ಥರ್ಮಾಮೀಟರ್ ಇಟ್ಟೆ. ನೂರಾಮೂರನ್ನು ದಾಟಿತ್ತು.

ಸಿಸ್ಟರಿಗೆ ಫೋನು ಮಾಡಿದೆ. ಅವರು ಬಯ್ಯಲಿಲ್ಲ, ಬೆಳಿಗ್ಗೆ ಏನು ಹೇಳಿದಿರಿ ಎಂದು ಕೇಳಲೂ ಇಲ್ಲ. ಇಲ್ಲಿಗೆ ತರಬೇಡಿ, ದೂರ ಆಯಿತು, ಮಂಗಳೂರಿಗೆ ಹೋಗಿ, ಈಗಲೇ ಎಂದರು. ಅಲ್ಲಿ ಹೇಳಬೇಕಾದ್ದನ್ನು ನನ್ನಿಂದ ಎರಡು ಸಲ ಹೇಳಿಸಿದರು. ಕೀಮೋ ಆಗಿ ಒಂಬತ್ತನೆಯ ದಿನ, ಬಿಳಿ ರಕ್ತಕಣ ಕಡಿಮೆ ಇರಬಹುದು, ಪ್ರಜ್ಞೆ ತಪ್ಪುತ್ತಾ ಉಂಟು, ಸಾಲಿನಲ್ಲಿ ಕೂರಿಸಬೇಡಿ, ಮೊದಲು ರಕ್ತ ತೆಗೆದು ಆ್ಯಂಟಿಬಯೋಟಿಕ್ ಹಾಕಿ. ನಾನು ಮಗ್ಗಿ ಒಪ್ಪಿಸುವ ಹಾಗೆ ಹೇಳಿದೆ.

ಆಚೆಮನೆಯವರ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತಿಗೆಯ ತಲೆ ನನ್ನ ಮಡಿಲಲ್ಲಿತ್ತು. ಕೂದಲು ಉದುರಿದ ತಲೆಯ ಬಿಸಿ ಬಟ್ಟೆ ದಾಟಿ ತೊಡೆಗೆ ತಾಗುತ್ತಿತ್ತು. ಬದಿಯಡ್ಕ ದಾಟುವವರೆಗೆ ಅವರು ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದರು. ಸೀತಾಂಗೋಳಿಯ ಹತ್ತಿರ ಮಾತು ನಿಂತಿತು. ಮಾತಾಡುತ್ತಿದ್ದಾಗ ಹೆದರಿಕೆಯಾಗಿತ್ತು, ನಿಂತಾಗ ಅದಕ್ಕಿಂತ ಹೆಚ್ಚಾಯಿತು. ಕುಂಬಳೆಯಲ್ಲಿ ಹೆದ್ದಾರಿಯ ಸರ್ವೀಸ್ ರಸ್ತೆಗೆ ಇಳಿದರೆ ಮುಂದೆ ಒಂದು ಕಂಟೇನರ್ ಲಾರಿ ಅಡ್ಡ ನಿಂತಿತ್ತು. ಆ ಕಡೆ ಗೋಡೆ, ಈ ಕಡೆ ಚರಂಡಿ. ಕಾರು ಹಿಂದಕ್ಕೂ ಹೋಗುವ ಹಾಗಿರಲಿಲ್ಲ. ಆಚೆಮನೆಯವರು ಇಳಿದು ಓಡಿಹೋಗಿ ಯಾರಲ್ಲೋ ಕೈ ಮುಗಿಯುವುದು ಗಾಜಿನಲ್ಲಿ ಕಾಣುತ್ತಿತ್ತು. ನಾನು ಅತ್ತಿಗೆಯ ಮೂಗಿನ ಹತ್ತಿರ ಬೆರಳಿಟ್ಟು ಕೂತಿದ್ದೆ. ಅಷ್ಟೇ ನನ್ನಿಂದ ಮಾಡಲಿಕ್ಕಾದದ್ದು. ಅಲ್ಲಿ ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಈಗಲೂ ಆ ಲಾರಿ ಕೆಲವೊಮ್ಮೆ ನನ್ನ ಮುಂದೆ ಅಡ್ಡ ನಿಲ್ಲುತ್ತದೆ, ಸರಿಯುವುದೇ ಇಲ್ಲ.

ಮಂಗಳೂರಿನಲ್ಲಿ ಸಿಸ್ಟರ್ ಕಲಿಸಿದ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ಅವು ಬಾಗಿಲು ತೆರೆದವು. ಸ್ಟ್ರೆಚರ್ ಒಳಗೆ ಹೋದ ಮೇಲೆ ಒಬ್ಬ ಯುವ ಡಾಕ್ಟರ್ ಹೊರಗೆ ಬಂದು ಯಾವಾಗಿನಿಂದ ಜ್ವರ ಎಂದು ಕೇಳಿದರು. ಇವತ್ತಿನಿಂದ ಎಂದೆ. ಮತ್ತೆ ತಡೆದು, ಬುಧವಾರದಿಂದ ಉಷ್ಣ ಇತ್ತು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅವರೂ ಈ ಕಡೆಯವರೇ.

"ಅದು ಜ್ವರವೇ ಅಲ್ವಾ?" ಎಂದರು.

ಐದು ದಿನ ಐಸಿಯು. ಅಣ್ಣ ಶಾರ್ಜಾದಿಂದ ಗಂಟೆಗೊಮ್ಮೆ ಫೋನು ಮಾಡುತ್ತಿದ್ದ, ಇನ್ನೂ ಒಳಗೇ ಇದ್ದಾರೆ ಎನ್ನುತ್ತಿದ್ದೆ. ಆರನೆಯ ದಿನ ಅತ್ತಿಗೆ ಕಣ್ಣು ಬಿಟ್ಟು, ಯಾರ ರವಿಕೆ ಯಾವ ದಿನಕ್ಕೆ ಕೊಡಬೇಕಿತ್ತು ಎಂದು ಕೇಳಿದರು. ಉಳಿದರು.

ಚೇತರಿಸಿಕೊಂಡು ತೆಂಕಿನ ಆಸ್ಪತ್ರೆಗೆ ಹೋದಾಗ ನಾನು ಮೇಡಂ ಮುಂದೆ ಎಲ್ಲ ಹೇಳಿದೆ. ಮೈ ಬಿಸಿಯನ್ನು ತೆಗೆದು ಜ್ವರ ಹಾಕಿದವಳು ನಾನು ಎಂದೆ. ಮೇಡಂ ಕೋಪಿಸಿಕೊಳ್ಳಲಿಲ್ಲ. ಎದ್ದು ಹೋಗಿ ಕನ್ನಡದ ಕಾರ್ಡುಗಳ ಕಟ್ಟು ತಂದು ಮೇಜಿನ ಮೇಲೆ ಹರಡಿದರು. ಪೆರ್ಲ, ಬೆಳ್ಳೂರು, ಮಂಜೇಶ್ವರ ಕಡೆಯವರ ಕಾರ್ಡುಗಳು. ಜ್ವರ ಇಲ್ಲ, ಜ್ವರ ಇಲ್ಲ, ಜ್ವರ ಇಲ್ಲ. ಇದರಲ್ಲಿ ಎಷ್ಟು ನಿಜವಾದ ಇಲ್ಲ, ಎಷ್ಟು ಉಷ್ಣ ಎಂದು ಈಗ ಹೇಗೆ ತಿಳಿಯುವುದು ಎಂದು ಅವರು ತಮಗೆ ತಾವೇ ಕೇಳಿಕೊಂಡರು. ಒಂದು ಕಾರ್ಡು ಹನ್ನೊಂದನೆಯ ದಿನಕ್ಕೆ ನಿಂತಿತ್ತು. ನಾನು ಕೇಳಲಿಲ್ಲ. ಪಕ್ಕದಲ್ಲಿದ್ದ ಸಿಸ್ಟರ್ ಅದನ್ನೆತ್ತಿ ಕಟ್ಟಿನ ಅಡಿಗೆ ಸರಿಸಿದರು.

ಮುಂದಿನ ಹಂತಕ್ಕೆ ಇದನ್ನೇ ಇಟ್ಟುಕೊಳ್ಳೋಣ ಎಂದರು ಮೇಡಂ. ಊರೂರಿಗೆ ಹೋಗಿ ರೋಗಿಗಳ ಜೊತೆ ಕೂತು, ಅವರು ತಮ್ಮ ಕಷ್ಟಕ್ಕೆ ಯಾವ ಯಾವ ಮಾತು ಬಳಸುತ್ತಾರೆ ಎಂದು ಕೇಳಿ, ಕಾರ್ಡನ್ನು ಅವರಿಂದಲೇ ಮಾಡಿಸಬೇಕು. ಫೋನಿನ ಸಿಸ್ಟರ್ ಒಬ್ಬರಿರುವುದು ಮೂವರಾಗಬೇಕು. ಅರ್ಜಿ ಬರೆದರು. ಟ್ರಸ್ಟಿನ ಸಮಿತಿಯ ಮುಂದೆ ಒಬ್ಬ ರೋಗಿಯೂ ಮಾತಾಡಬೇಕೆಂಬ ನಿಯಮವಿತ್ತು. ಅತ್ತಿಗೆ ಒಪ್ಪಿದರು. ನನಗಿನ್ನೂ ಮೂರು ಡೋಸ್ ಉಂಟು, ಫೋನು ನಿಂತರೆ ನಾನು ಎಲ್ಲಿಗೆ ಹೋಗುವುದು ಎಂದರು.

ನಾಲ್ಕನೆಯ ಡೋಸಿನ ಹಿಂದಿನ ದಿನ ಆಸ್ಪತ್ರೆಯ ಒಂದು ಕೋಣೆಯಲ್ಲಿ ಪರದೆಯ ಮುಂದೆ ನಮ್ಮನ್ನು ಕೂರಿಸಿದರು. ಪರದೆಯಲ್ಲಿ ಆರು ಮುಖಗಳು. ಅತ್ತಿಗೆ ತುಳುವಿನಲ್ಲಿ ಮಾತಾಡುವುದು, ನಾನು ಇಂಗ್ಲಿಷಿಗೆ ಹೇಳುವುದು ಎಂದು ನಿಶ್ಚಯವಾಗಿತ್ತು. ಬೇರೆ ಯಾರನ್ನಾದರೂ ಹುಡುಕಿ ಎಂದು ನಾನು ಬೇಡಿಕೊಂಡಿದ್ದೆ. ಅಷ್ಟು ಬೇಗ ತುಳು ಬಲ್ಲವರು ಸಿಗಲಿಲ್ಲ.

ಅತ್ತಿಗೆ ಸೆರಗು ಸರಿಮಾಡಿಕೊಂಡು, ಅಂಗಡಿಯಲ್ಲಿ ಹೇಳುವ ಹಾಗೆಯೇ ಹೇಳಿದರು.

"ಗಿರಾಕಿ ಬಂದು ಸ್ವಲ್ಪ ಸಡಿಲ ಇರಲಿ ಅಂತಾರೆ. ಒಬ್ಬರ ಸಡಿಲ ಅರ್ಧ ಇಂಚು, ಇನ್ನೊಬ್ಬರದ್ದು ಎರಡು ಇಂಚು. ನಾನು ಸಡಿಲ ಅಂತ ಬರೆದುಕೊಂಡರೆ ರವಿಕೆ ಹಾಳು. ಟೇಪು ಹಿಡಿದು ಇಷ್ಟಾ, ಇಷ್ಟಾ ಅಂತ ಕೇಳ್ತೇನೆ. ನಾನು ಉಷ್ಣ ಅಂದದ್ದು ಸುಳ್ಳಲ್ಲ. ಎಷ್ಟು ಉಷ್ಣ ಅಂತ ಕೇಳಲಿಕ್ಕೆ ಒಬ್ಬರು ಬೇಕು, ಅಷ್ಟೇ."

ನಾನು ಅನುವಾದಿಸಿದೆ. ತಪ್ಪಾಗಬಾರದೆಂಬ ಹೆದರಿಕೆಯಲ್ಲಿ ಒಂದೊಂದು ಶಬ್ದಕ್ಕೂ ನಿಂತೆ. ರವಿಕೆ, ಟೇಪು, ಇಂಚು ಎಲ್ಲವೂ ಇಂಗ್ಲಿಷಿನಲ್ಲಿ ಬಂದವು, ಆದರೆ ಅವರು ಹೇಳಿದ್ದು ಬರಲಿಲ್ಲ. ಯಾರೋ ದರ್ಜಿಯ ಕಥೆ ಹೇಳುತ್ತಿದ್ದಾಳೆ ಎಂಬಂತೆ ಆ ಮುಖಗಳು ಮುಗುಳುನಗೆಯಿಂದ ಕೇಳಿದವು. ಮನಸ್ಸು ತಟ್ಟಿತು ಎಂದು ಒಬ್ಬರು ಹೇಳಿದರು. ಇನ್ನೊಬ್ಬರು, ಇದು ಅನುವಾದದಲ್ಲಿ ಆದ ತಪ್ಪು, ಒಂದು ಶಬ್ದ ತಿದ್ದಿದರೆ ಮುಗಿಯಿತು, ಇದಕ್ಕೆ ಸಂಶೋಧನೆ ಯಾಕೆ ಎಂದು ಮೇಡಂ ಹತ್ತಿರ ಕೇಳಿದರು. ಮೂರನೆಯವರ ಮಾತು ಬಹಳ ಸೌಮ್ಯವಾಗಿತ್ತು. ಈಗಿನ ಫೋನಿನ ವ್ಯವಸ್ಥೆಯಲ್ಲೇ ರೋಗಿ ಉಳಿದಿದ್ದಾರೆ, ಸಂತೋಷ. ಹಾಗಾದರೆ ಇದು ಸಾಕು ಎಂದೇ ಆಯಿತಲ್ಲ, ಹೆಚ್ಚಿನದು ಬೇಕೆಂದು ಹೇಗೆ ತೋರಿಸುತ್ತೀರಿ ಎಂದರು. ಮೇಡಂ ಉತ್ತರ ಕೊಟ್ಟರು. ಚೆನ್ನಾಗಿಯೇ ಕೊಟ್ಟರು. ಸಮಯ ಮುಗಿದು ಪರದೆ ಕಪ್ಪಾಯಿತು.

ನನ್ನ ತಲೆಯಲ್ಲಿ ಎರಡನೆಯವರ ಮಾತೇ ನಿಂತುಬಿಟ್ಟಿತ್ತು. ಅನುವಾದದ ತಪ್ಪು. ನಾನು ಜ್ವರ ಎಂದು ಬರೆಯದೆ ಇದ್ದಿದ್ದರೆ ಅತ್ತಿಗೆ ಐಸಿಯುಗೆ ಹೋಗುತ್ತಿರಲಿಲ್ಲ. ಬರೆದದ್ದರಿಂದ ಈಗ ಅದೇ ತಪ್ಪು ಅರ್ಜಿಯ ಕುತ್ತಿಗೆಗೆ ಬಂತು.

ಹೊರಗೆ ಬರುವಾಗ ಅತ್ತಿಗೆ ಕೇಳಿದರು, ಅವರೆಲ್ಲ ಎಂತ ಹೇಳಿದ್ದು ಎಂದು.

"ಒಳ್ಳೆಯದಾಯಿತು ಅಂದರು" ಎಂದೆ.

ಮಾರ್ಚ್ ಮುಗಿಯುವ ಮೊದಲು ಪತ್ರ ಬಂತು. ಮೇಡಂ ಅದರ ಸಾರವನ್ನು ಫೋನಿನಲ್ಲಿ ಹೇಳಿದರು. ಯೋಜನೆ ಮೆಚ್ಚುವಂಥದ್ದು, ಈ ಸಲ ಆದ್ಯತೆಯ ಪಟ್ಟಿಯಲ್ಲಿಲ್ಲ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಮುಂದಿನ ವರ್ಷ ಎಂಬುದನ್ನು ಅವರು ಎರಡು ಸಲ ಹೇಳಿದರು, ಧೈರ್ಯಕ್ಕೆ. ಅತ್ತಿಗೆಗೆ ಇನ್ನು ಎರಡು ಡೋಸ್ ಬಾಕಿ ಇತ್ತು, ಏಪ್ರಿಲಿನಲ್ಲೊಂದು, ಮೇಯಲ್ಲೊಂದು.

ಸಿಸ್ಟರ್ ಮಾಡಿದ ಕೊನೆಯ ಫೋನಿನಲ್ಲಿ ಪ್ರಶ್ನೆಗಳಿರಲಿಲ್ಲ. ಅವರದ್ದು ಯೋಜನೆಯ ಜೊತೆಗಿನ ಕೆಲಸ, ಅದೂ ಮುಗಿದಿತ್ತು. ಬೇರೊಂದು ಊರಿನಲ್ಲಿ ಐಸಿಯು ಕೆಲಸ ಸಿಕ್ಕಿದೆ, ಒಳಗೆ ಫೋನು ತೆಗೆದುಕೊಂಡು ಹೋಗಲಿಕ್ಕಿಲ್ಲ ಚೇಚಿ, ಸಂಜೆ ನೋಡ್ತೇನೆ, ಸಂಜೆ ಮಾಡಿ ಎಂದರು. ಸಿಸ್ಟರೇ, ನಿಮ್ಮ ಮದುವೆಗೆ ರವಿಕೆ ನಾನೇ ಹೊಲಿಯುವುದು ಎಂದರು ಅತ್ತಿಗೆ. ಆ ಬೆರಳುಗಳಲ್ಲಿ ಅಷ್ಟರೊಳಗೆ ಸೂಜಿ ನಿಲ್ಲುತ್ತದೆಂದು ಅವರಿಬ್ಬರೂ ನಂಬಿದ ಹಾಗೆ ಮಾತಾಡಿದರು.

ಐದನೆಯ ಡೋಸ್ ಆಯಿತು. ಏಪ್ರಿಲ್ ತಿಂಗಳು, ಗೋಡೆ ಮುಟ್ಟಿದರೂ ಬಿಸಿ. ಏಳನೆಯ ದಿನದಿಂದ ನಾನು ಕಾಲೇಜಿಗೆ ರಜೆ ಹಾಕಿದೆ. ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟೆ. ಊಟದ ನಡುವೆ ಇಟ್ಟೆ, ನಿದ್ದೆಯಿಂದ ಎಬ್ಬಿಸಿ ಇಟ್ಟೆ. ಅತ್ತಿಗೆ ಮೊದಲು ನಕ್ಕರು, ಆಮೇಲೆ ಬಾಯಿ ತೆರೆಯುವ ಮೊದಲು ನನ್ನ ಮುಖವನ್ನೇ ಒಂದು ಗಳಿಗೆ ನೋಡತೊಡಗಿದರು. ಎಂಟನೆಯ ದಿನ ಹನ್ನೊಂದು ಗಂಟೆಗೆ, ಸ್ವಲ್ಪ ಉಷ್ಣ ಅನಿಸ್ತದೆ ಎಂದರು. ತೊಂಬತ್ತೊಂಬತ್ತೂವರೆ ತೋರಿಸಿತು. ನೂರು ದಾಟಿದರೆ ಹೊರಡಬೇಕು ಎಂದು ಸಿಸ್ಟರ್ ಹೇಳಿದ್ದರು. ತೊಂಬತ್ತೊಂಬತ್ತೂವರೆಗೆ ಎಂತ ಮಾಡಬೇಕೆಂದು ಹೇಳಿರಲಿಲ್ಲ. ಅಂಥದ್ದಕ್ಕೆಲ್ಲ ಅವರು ಇದ್ದರಲ್ಲ. ಯೋಜನೆಯ ನಂಬರಿಗೆ ಮಾಡಿದೆ, ಅದು ಚಾಲ್ತಿಯಲ್ಲಿಲ್ಲ ಎಂದಿತು. ಆಸ್ಪತ್ರೆಯ ಸಾಮಾನ್ಯ ನಂಬರಿನಲ್ಲಿ ಒಬ್ಬರು, ನೇರ ನೋಡದೆ ಹೇಳುವ ಹಾಗಿಲ್ಲ, ಓಪಿಡಿಗೆ ಕರೆದುಕೊಂಡು ಬನ್ನಿ ಎಂದರು. ಸಿಸ್ಟರ್ ಅವರ ಸ್ವಂತ ನಂಬರು ರಿಂಗಾಗುತ್ತಲೇ ಇತ್ತು.

ನಾನು ಕಾರು ಕರೆಸಿದೆ. ಅತ್ತಿಗೆ ಬೇಡವೆಂದರು. ಇದು ಬಿಸಿಲಿನದ್ದು, ನನ್ನ ಮೈ ನನಗೆ ಗೊತ್ತಿಲ್ಲವಾ ಎಂದರು. ನಾನು ಕೇಳಲಿಲ್ಲ.

ಈ ಸಲ ಹೆದ್ದಾರಿಯಲ್ಲಿ ಅಡ್ಡಿಯಾಗಲಿಲ್ಲ. ಮಂಗಳೂರಿನಲ್ಲಿ ಕ್ಯಾಶುವಾಲ್ಟಿ ತುಂಬಿತ್ತು. ಒಂದು ಬೆಂಚಿನಲ್ಲಿ ಕೆಮ್ಮುತ್ತಿದ್ದವರ ನಡುವೆ ಮಧ್ಯಾಹ್ನವಿಡೀ ಕೂತೆವು. ರಕ್ತದ ಫಲಿತಾಂಶ ಬಂತು. ಬಿಳಿ ರಕ್ತಕಣ ಸಾಕಷ್ಟಿದ್ದವು, ಮೈಬಿಸಿ ಕೂಡ ಇಳಿದಿತ್ತು. ಡ್ಯೂಟಿ ಡಾಕ್ಟರ್ ಸುಮ್ಮನೆ ಹೇಳಿದರು, ಇಂಥವರನ್ನು ಇಷ್ಟು ಜನರ ನಡುವೆ ತಂದು ಕೂರಿಸಿದ್ದೇ ಅಪಾಯ ಎಂದು. ಅದನ್ನು ಅತ್ತಿಗೆಯೂ ಕೇಳಿಸಿಕೊಂಡರು.

ವಾಪಸು ಬರುವಾಗ ಅವರು ಕಿಟಕಿಗೆ ತಲೆಯಿಟ್ಟು ಕೂತಿದ್ದರು. ಬಹಳ ದಣಿದಿದ್ದರು. ಕುಂಬಳೆ ದಾಟಿದ ಮೇಲೆ ನನ್ನ ಕಡೆ ತಿರುಗದೆಯೇ ಮಾತಾಡಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ.

"ಇನ್ನು ಎಂತ ಆದರೂ ನಿನ್ನ ಹತ್ತಿರ ಹೇಳುವುದಿಲ್ಲ ಮಾರಾಯ್ತಿ. ನಿನಗೂ ಸಾಕಾಗ್ತದೆ, ನನಗೂ ಸಾಕಾಗ್ತದೆ."

ನಾನು ಕೈಯಲ್ಲಿದ್ದ ಥರ್ಮಾಮೀಟರನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ನಾಡಿದ್ದು ಆರನೆಯ ಡೋಸ್. ಬ್ಯಾಗು ತುಂಬಿಸಿ ಇಟ್ಟಾಗಿದೆ. ದಿನಾ ಬೆಳಿಗ್ಗೆ ಅವರ ಪಕ್ಕ ಕೂತು ಹೇಗುಂಟು ಅತ್ತಿಗೆ ಎಂದು ಕೇಳುತ್ತೇನೆ. ಬಾಯಿಹುಣ್ಣು ಉಂಟಾ, ಕಾಲು ಉರೀತದಾ, ಮೈ ಬಿಸಿ ಅನಿಸ್ತದಾ, ಎಷ್ಟು ಬಿಸಿ ಎಂದು ಬಿಡಿಬಿಡಿಯಾಗಿ ಕೇಳುತ್ತೇನೆ. ಈಗ ಕೇಳಲು ನನಗೆ ಬರುತ್ತದೆ. ಅತ್ತಿಗೆ ನನ್ನ ಕೈಯ ಮೇಲೆ ಕೈಯಿಟ್ಟು, ಎಲ್ಲದಕ್ಕೂ ಅಡ್ಡಿಯಿಲ್ಲ ಎನ್ನುತ್ತಾರೆ.